ಕ್ಯಾಂಪಸ್ಸಿನಲ್ಲಿ ಎರಡೂವರೆ ಗಂಟೆಯ ಆಟ: ಕನ್ನಡ ಬಾರದ ಮಕ್ಕಳಿಗೂ ಮುಟ್ಟಿಸುವುದು ಹೇಗೆ?

ಗುಡ್ಡೆಮೇಲಿನಮನೆ:
ಕಾಸರಗೋಡು ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ತೆಂಕುತಿಟ್ಟಿನ (ತೆಂಕಣ ಶೈಲಿಯ) ಯಕ್ಷಗಾನ ಆಟ ಆಡಿಸಬೇಕೆಂದಿದೆ. ಪ್ರೇಕ್ಷಕರು ಸುಮಾರು 300. ಹೆಚ್ಚಿನವರು ಮಲಯಾಳಿಗಳು, ಸ್ವಲ್ಪ ಉತ್ತರ ಭಾರತದವರು, ಕನ್ನಡ ಬಲ್ಲವರು ಬೆರಳೆಣಿಕೆ. ಎಸಿ ಸಭಾಂಗಣ, ಗ್ರಾನೈಟ್ ನೆಲದ ವೇದಿಕೆ (30 ಅಡಿ ಅಗಲ, 20 ಅಡಿ ಆಳ). ಹಾಸ್ಟೆಲ್ ಗೇಟು ಹಾಕುವುದರಿಂದ ಸಂಜೆ 6ರಿಂದ 8.30ರ ಒಳಗೆ ಮುಗಿಯಬೇಕು. ಯಾವ ಪ್ರಸಂಗ (ಆಟದ ಕಥೆ) ಒಳ್ಳೆಯದು? ವೇದಿಕೆಗೆ ಏನೇನು ತಯಾರಿ ಬೇಕು? ಭಾಷೆ ಬಾರದವರಿಗೆ ಅರ್ಥ (ವೇಷಧಾರಿಗಳ ಮಾತು) ಯಾಕೆ, ಮಾತು ತೆಗೆದು ಕುಣಿತ ಮಾತ್ರ ಇಡೋಣ ಎಂದು ಸಮಿತಿಯಲ್ಲಿ ಕೆಲವರ ಅಭಿಪ್ರಾಯ. ಕೊನೆಗೆ ಅರ್ಧ ಗಂಟೆ ತೆಯ್ಯವನ್ನೂ (ದೈವದ ವೇಷ ಕಟ್ಟಿ ಮಾಡುವ ಆರಾಧನೆ) ಸೇರಿಸೋಣ ಎನ್ನುವವರೂ ಇದ್ದಾರೆ. ಬಲ್ಲವರು ತಿಳಿಸಿ.

ಪದ್ಯಕ್ಕೊಂದರ್ಥ:
ಮಾತು ತೆಗೆಯಲೇಬೇಡಿ. ಹಾಡುವ ಭಾಗವತರು ಪದ್ಯದಲ್ಲಿ ಹೇಳಿದ್ದನ್ನು ವೇಷಧಾರಿ ತನ್ನ ಮಾತಿನಲ್ಲಿ ಬೆಳೆಸುತ್ತಾನೆ, ಎದುರು ಪಾತ್ರ ಅದನ್ನು ಖಂಡಿಸುತ್ತದೆ. ಯಕ್ಷಗಾನ ನಿಂತಿರುವುದೇ ಈ ಜಗ್ಗಾಟದ ಮೇಲೆ. ಅರ್ಥ ಹೋದರೆ ಉಳಿಯುವುದು ಬಣ್ಣ ಮತ್ತು ಓಟ. ಭಾಷೆ ಗೊತ್ತಿಲ್ಲದವರಿಗೂ ದನಿಯ ಏರಿಳಿತದಲ್ಲಿ ಯಾರು ಕೆಣಕಿದರು, ಯಾರು ಸೋತರು ಎಂದು ತಿಳಿಯುತ್ತದೆ.

ಪ್ರಸಂಗ 'ಪಂಚವಟಿ' ಇರಲಿ. ಕುಂಬಳೆಯ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ಪ್ರಸಂಗ, ಅಂದರೆ ನಿಮ್ಮ ಜಿಲ್ಲೆಯದೇ. ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಒಂದೇ ಪ್ರಸಂಗದಲ್ಲಿ ಹೆಣ್ಣುಬಣ್ಣ ಎಂಬ ರಾಕ್ಷಸಿ ವೇಷ (ಘೋರ ಶೂರ್ಪನಖಿ), ಸ್ತ್ರೀವೇಷ (ಮಾಯಾ ಶೂರ್ಪನಖಿ), ಕಿರೀಟ ವೇಷ, ಹಾಸ್ಯ ಎಲ್ಲವೂ ಬರುತ್ತವೆ. ರಾಕ್ಷಸಿ ಒಳಗೆ ಹೋಗಿ ಸುಂದರಿಯಾಗಿ ಬರುವುದನ್ನು ಕಂಡವನಿಗೆ ಅನುವಾದ ಬೇಡ. ಖರದೂಷಣರ ಯುದ್ಧದವರೆಗೆ ಎಳೆಯಬೇಡಿ, ಮೂಗು ಕೊಯ್ದಲ್ಲಿಗೆ ನಿಲ್ಲಿಸಿ ಮಂಗಳ ಹಾಡಿಸಿ.

ಅರ್ಥ ಸಹಿತ ಒಂದು ಪದ್ಯಕ್ಕೆ ಸರಾಸರಿ ಮೂರು ನಾಲ್ಕು ನಿಮಿಷ ಹಿಡಿಯಿರಿ. ಎರಡು ಗಂಟೆಗೆ 30ರಿಂದ 35 ಪದ್ಯ. ಯಾವುದನ್ನು ಬಿಡಬೇಕೆಂದು ಪುಸ್ತಕ ನೋಡಿ ನೀವೇ ಗೀಟು ಹಾಕಬೇಡಿ. ಆಟದ ನಿರ್ದೇಶಕರು ಭಾಗವತರು. ವೀಳ್ಯ ಕೊಟ್ಟು ಆಟ ಗೊತ್ತುಮಾಡುವಾಗಲೇ ಸಮಯ ಹೇಳಿ, ಪದ್ಯಗಳ ಪಟ್ಟಿಯನ್ನು ಅವರಿಂದಲೇ ತರಿಸಿಕೊಳ್ಳಿ.

ಆ ಪಟ್ಟಿ ಸಿಕ್ಕಿದ ಮೇಲೆ ಪದ್ಯಗಳ ಸಾರವನ್ನು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಎರಡೆರಡು ಸಾಲು ಬರೆದು ಪರದೆಗೆ ಹಾಕಬಹುದು. ಅರ್ಥವನ್ನು ಹಾಕಲಾಗದು, ಅದು ಆಶು. ಪರದೆ ವೇದಿಕೆಯ ಬದಿಯಲ್ಲಿರಲಿ. ಹಿಮ್ಮೇಳದ (ಭಾಗವತರು, ಮದ್ದಳೆ, ಚೆಂಡೆಯವರ) ಬೆನ್ನಿಗೆ ಕಟ್ಟಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ, ವೇಷ ಕಾಣುವುದಿಲ್ಲ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಸ್ಲೈಡಿಗೆಲ್ಲ ಸಂಖ್ಯೆ ಹಾಕಿ, ಲ್ಯಾಪ್‌ಟಾಪಿನ ಮುಂದೆ ಕನ್ನಡ ಬಲ್ಲವರನ್ನೇ ಕೂರಿಸಿ. ಭಾಗವತರು ರಂಗದ ಕಾವು ನೋಡಿ ಒಂದೆರಡು ಪದ್ಯ ಹಾರಿಸುವುದು ಮಾಮೂಲು. ಪದ್ಯ ತಿಳಿಯದವರು ಕೂತರೆ ಅಲ್ಲಿಂದ ಕೊನೆಯವರೆಗೂ ಪರದೆ ತಪ್ಪುತ್ತಲೇ ಹೋಗುತ್ತದೆ.

ಚೌಕಿಬಾಗಿಲು:
ಮೊದಲು ನೆಲ. ನುಣುಪು ಗ್ರಾನೈಟಿನ ಮೇಲೆ ದಿಗಿಣ (ಹಾರಿ ಸುತ್ತುವ ಕುಣಿತ) ಹಾಕಿದರೆ ಕಾಲು ಜಾರುತ್ತದೆ. ಜಮಖಾನ ಹಾಸಿದರೆ ಇನ್ನೂ ಅಪಾಯ, ಎರಡು ಸುತ್ತು ಕುಣಿಯುವಷ್ಟರಲ್ಲಿ ಮಡಿಕೆ ಬಿದ್ದು ಪಾದ ಉಳುಕುತ್ತದೆ. 16 ಅಡಿ ಚದರಕ್ಕೆ ಪ್ಲೈವುಡ್ ಜೋಡಿಸಿ, ಮೇಲೆ ಮ್ಯಾಟ್ ಬಿಗಿಯಾಗಿ ಎಳೆದು, ಅಂಚುಗಳನ್ನೆಲ್ಲ ಟೇಪಿನಿಂದ ಅಂಟಿಸಿ. ಉಳಿದ ವೇದಿಕೆ ಖಾಲಿ ಬಿಡಿ. 30 ಅಡಿ ಪೂರ್ತಿ ತೆರೆದಿಟ್ಟರೆ ಪಾತ್ರಗಳು ದೂರ ದೂರವಾಗಿ ರಂಗ ಸಡಿಲವಾಗುತ್ತದೆ.

ಮೈಕ್: 300 ಜನರ ಸಭಾಂಗಣದಲ್ಲಿ ಚೆಂಡೆಗೆ ಮೈಕ್ ಬೇಡವೇ ಬೇಡ. ಭಾಗವತರಿಗೆ ಒಂದು, ಮದ್ದಳೆಗೆ ಒಂದು, ಮದ್ದಳೆಯದನ್ನು ತಗ್ಗಿಸಿ. ಭಾಗವತರ ಮೈಕಿನ ಬೆನ್ನು ಚೆಂಡೆಯ ಕಡೆಗಿರಲಿ, ಇಲ್ಲವಾದರೆ ಸಾಹಿತ್ಯ ಮುಳುಗುತ್ತದೆ. ವೇಷಧಾರಿಗಳಿಗೆ ಎದುರಿನಲ್ಲಿ ಎಂಟು ಅಡಿ ಅಂತರದಲ್ಲಿ ಎರಡು ಸ್ಟ್ಯಾಂಡ್ ಮೈಕ್ ಸಾಕು, ಅವರಿಗೆ ಅದು ಅಭ್ಯಾಸ. ಕಾಲರ್ ಮೈಕ್ ಎದೆಪದಕಕ್ಕೆ ಉಜ್ಜಿ ಕರಕರ ಅನ್ನುತ್ತದೆ, ಬೆವರಿಗೆ ಕೆಡುತ್ತದೆ. ನೆಲದ ಮೇಲಿಟ್ಟರೆ ಗೆಜ್ಜೆ ಮಾತ್ರ ಕೇಳೀತು. ಒಂದು ಮಾನಿಟರ್ ಸ್ಪೀಕರ್ ವೇಷಗಳ ಕಡೆ ತಿರುಗಿರಲಿ. ಪದ್ಯ ಕೇಳದಿದ್ದರೆ ಕುಣಿತ ತಾಳ ಬಿಡುತ್ತದೆ.

ಎಸಿಯನ್ನು ಒಂದು ಗಂಟೆ ಮೊದಲೇ ಹಾಕಿ, ಮದ್ದಳೆ ಚೆಂಡೆಗಳನ್ನು ಒಳಗೇ ಇಡಿಸಿ. ನಮ್ಮೂರಿನ ಒದ್ದೆ ಗಾಳಿಯಿಂದ ಒಣ ಗಾಳಿಗೆ ಬಂದ ಚರ್ಮ ಬಿಗಿದು ಶ್ರುತಿ ಏರುತ್ತದೆ. ಹೊರಗೆ ಶ್ರುತಿ ಮಾಡಿ ತಂದರೆ ಮೊದಲ ಪದ್ಯದಲ್ಲೇ ತೊಂದರೆ.

ಬೆಳಕು ಬೆಚ್ಚಗಿನ ಬಿಳಿ ಮಾತ್ರ, ಎರಡೂ ಬದಿಯಿಂದ ಓರೆಯಾಗಿ. ನೀಲಿ, ಹಸಿರು ಎಲ್‌ಇಡಿ ಬಿದ್ದರೆ ಇಂಗಲಿಕದ ಕೆಂಪು ಕಪ್ಪಾಗಿ ಕಾಣುತ್ತದೆ. ಗಂಟೆಗಟ್ಟಲೆ ಬರೆದ ಮುಖವರ್ಣಿಕೆ ವ್ಯರ್ಥ. ಚೌಕಿಯ (ವೇಷ ಕಟ್ಟುವ ಕೋಣೆಯ) ಕನ್ನಡಿಗಳಿಗೂ ಅದೇ ಬಣ್ಣದ ಬಲ್ಬು ಹಾಕಿ.

ಕಲಾವಿದರು ಹಿಮ್ಮೇಳ, ಮುಮ್ಮೇಳ (ವೇಷಧಾರಿಗಳು), ವೇಷ ಕಟ್ಟುವವರು ಸೇರಿ ಹದಿನೈದರ ಆಸುಪಾಸು. ಚೌಕಿಗೆ 20 ಅಡಿಗೆ 15 ಅಡಿಯ ಕೋಣೆ, ಚಾಪೆ, ವೇಷದ ಪೆಟ್ಟಿಗೆಗಳಿಗೆ ಜಾಗ, ಹತ್ತಿರದಲ್ಲೇ ನೀರು ಬೇಕು. ಬಾಗಿಲು ಅಳೆಯಿರಿ! ಎರಡೂವರೆ ಅಡಿಯ ಬಾಗಿಲಲ್ಲಿ ಬಣ್ಣದ ವೇಷದ (ರಾಕ್ಷಸ ಪಾತ್ರದ) ಕೇಸರಿತಟ್ಟಿ ಎಂಬ ಅಗಲದ ಕಿರೀಟ ತಗಲುತ್ತದೆ. ಹಾಗಿದ್ದರೆ ಕಿರೀಟವನ್ನು ವೇದಿಕೆಯ ಪಕ್ಕದಲ್ಲೇ ಕಟ್ಟಲು ಮರೆ ಮಾಡಿಕೊಡಿ. ಚೌಕಿಯಲ್ಲಿ ಗಣಪತಿಗೆ ದೀಪ, ಧೂಪ ಇರುತ್ತದೆ, ಹೊಗೆ ಅಲಾರಂ ಇದ್ದರೆ ಭದ್ರತೆಯವರಿಗೆ ಮೊದಲೇ ಹೇಳಿಡಿ. ದೊಂದಿಗೆ ರಾಳ ಎರಚುವುದು ಮುಚ್ಚಿದ ಸಭಾಂಗಣದಲ್ಲಿ ಕೂಡದು. ಅದರ ಬದಲು ಶೂರ್ಪನಖಿಯನ್ನು ಪ್ರೇಕ್ಷಕರ ಹಿಂದಿನ ಬಾಗಿಲಿಂದ ಅಬ್ಬರಿಸುತ್ತ ಬರಮಾಡಿ. ಬಯಲಾಟದ ಕ್ರಮವೂ ಅದೇ. ನಡುದಾರಿ ನಾಲ್ಕು ಅಡಿಯಾದರೂ ತೆರವಿರಲಿ.

ಗುಡ್ಡೆಮೇಲಿನಮನೆ:
ಬಾಗಿಲಿನ ವಿಷಯ ತಲೆಗೇ ಹೊಳೆದಿರಲಿಲ್ಲ, ಉಪಕಾರ. ಪೂರ್ವರಂಗ (ಪ್ರಸಂಗಕ್ಕೆ ಮೊದಲಿನ ಭಾಗ) ಬೇಕೇ? ಪರಿಚಯ ಭಾಷಣ ಎಷ್ಟು ಹೊತ್ತು? ತೆಯ್ಯದ ಬಗ್ಗೆ ಯಾರೂ ಹೇಳಲಿಲ್ಲ.

ಪತ್ತನಾಜೆ:
ಭಾಷಣ ಹತ್ತು ನಿಮಿಷ, ಅದೂ ಮಲಯಾಳದಲ್ಲಿ, ಕಥಕಳಿಯನ್ನು ಹಿಡಿದುಕೊಂಡು. ಮಕ್ಕಳು ಕಂಡ ಚೆಂಡೆ ಇಲ್ಲೂ ಇದೆ, ಚುಟ್ಟಿಯೂ ಇದೆ. ಆದರೆ ಅಲ್ಲಿ ನಟ ಮಾತಾಡುವುದಿಲ್ಲ, ಕೈಮುದ್ರೆಯಲ್ಲಿ ಹೇಳುತ್ತಾನೆ. ಇಲ್ಲಿ ಬಾಯಿಬಿಟ್ಟು ವಾದಿಸುತ್ತಾನೆ. ಇಷ್ಟು ಹೇಳಿ ತ್ರಿವುಡೆ ತಾಳದ ಏಳು ಅಕ್ಷರವನ್ನು 3, 2, 2 ಎಂದು ಕೈಯಲ್ಲಿ ಹಾಕಿಸಿ. ಆಮೇಲೆ ಅದೇ ತಾಳದ ಪದ್ಯ ಬಂದಾಗ ಕೈ ತಾನಾಗಿ ಆಡುತ್ತದೆ.

ಅದಕ್ಕಿಂತ ದೊಡ್ಡ ಪರಿಚಯ ಚೌಕಿ. ಬಣ್ಣದ ವೇಷಕ್ಕೆ ಮೂರು ಗಂಟೆಯಾದರೂ ಬೇಕು, ಆದ್ದರಿಂದ ಶೂರ್ಪನಖಿ ಎರಡೂವರೆಗೇ ಕೂರಬೇಕಾಗುತ್ತದೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವುದನ್ನು ವಿದ್ಯಾರ್ಥಿಗಳು ಹತ್ತು ಹತ್ತು ಜನರಂತೆ ಬಂದು ನೋಡಲಿ, ಕಲಾವಿದರ ಒಪ್ಪಿಗೆ ಕೇಳಿ. ಚಪ್ಪಲಿ ಹೊರಗೆ, ಫ್ಲ್ಯಾಶ್ ಇಲ್ಲ, ಕಿರೀಟ ಮುಟ್ಟುವಂತಿಲ್ಲ.

ಪೂರ್ವರಂಗ ಪೂರ್ತಿ ಆಗದು. ಐದೂವರೆಗೆ ಹಾಸ್ಟೆಲ್ ಅಂಗಳದಲ್ಲಿ ಆಟ ಇದೆಯೆಂದು ಸಾರುವ 'ಕೇಳಿ' ಬಡಿಸಿ, ಆರಕ್ಕೆ ಬಾಲಗೋಪಾಲ ವೇಷ ಹತ್ತು ನಿಮಿಷ. ಸಾಕು.

ತೆಯ್ಯವನ್ನು ವೇದಿಕೆಗೆ ತರಬೇಡಿ. ಅದು ಕಾವಿನಲ್ಲಿ (ದೈವದ ಬನದಲ್ಲಿ), ಅದರ ಕಾಲದಲ್ಲಿ, ಹರಕೆ ಹೊತ್ತವರ ಮುಂದೆ ಆಗಬೇಕಾದ ಅನುಷ್ಠಾನ. ತುಲಾ ಮಾಸದ ಹತ್ತರಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ಜಿಲ್ಲೆಯ ಕಾವುಗಳಲ್ಲಿ ಶುರುವಾಗುತ್ತದೆ. ತರವಾಡಿನ (ಮೂಲ ಮನೆತನದ) ಹಿರಿಯರನ್ನು ಕೇಳಿ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಿರಿ.

ದಿನಾಂಕ ಇನ್ನೂ ಗೊತ್ತುಮಾಡಿಲ್ಲವಾದರೆ ಗಮನಿಸಿ: ಮೇಳಗಳ ತಿರುಗಾಟ ಪತ್ತನಾಜೆಗೆ, ಮೇ 24ರ ಸುಮಾರಿಗೆ, ಮುಗಿಯುತ್ತದೆ. ಜುಲೈ, ಆಗಸ್ಟಿನಲ್ಲಿ ಒಳ್ಳೆಯ ಕಲಾವಿದರು ಸಿಗುತ್ತಾರೆ. ನವೆಂಬರಿನ ನಂತರ ರಾತ್ರಿ ಆಟ ಮುಗಿಸಿ ನಿದ್ದೆಗೆಟ್ಟು ಬರಬೇಕಾಗುತ್ತದೆ. ಹೇಗೂ ಮಳೆಗಾಲವಾದರೆ, ಆಟದ ಹಿಂದಿನ ದಿನ ಕನ್ನಡ ವಿಭಾಗದಲ್ಲಿ ಒಂದು ಗಂಟೆ ತಾಳಮದ್ದಳೆ ಕೂಟ ಇಡಿ. ವೇಷವಿಲ್ಲ, ಕುಣಿತವಿಲ್ಲ, ಬರೀ ಪದ್ಯ ಮತ್ತು ಅರ್ಥ. ಮಾತು ತೆಗೆಯೋಣ ಎಂದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಚೌಕಿಬಾಗಿಲು:
ಒಂದು ಮರೆತೆ. ಆಟ ಮುಗಿದ ಮೇಲೆ ಬಣ್ಣ ತೆಗೆಯಲು ಎರಡು ಲೀಟರ್ ತೆಂಗಿನೆಣ್ಣೆ, ಹಳೆಯ ಹತ್ತಿ ಬಟ್ಟೆ, ಬಿಸಿನೀರು ತಯಾರಿರಲಿ. ಊಟ ಒಂಬತ್ತೂವರೆಗೆ ಇಡಿ, ಅದಕ್ಕಿಂತ ಮೊದಲು ಯಾರ ಮುಖವೂ ತೊಳೆದಾಗಿರುವುದಿಲ್ಲ. ಕ್ಯಾಂಟೀನಿನವರನ್ನು ಅಲ್ಲಿಯವರೆಗೆ ನಿಲ್ಲಿಸಿಕೊಳ್ಳಿ.