ತರಬೇತಿ ಮುಗಿಸಿ ಬಂದ ಶಿಕ್ಷಕರಿಗೆ ತರಗತಿಯಲ್ಲಿ ನೆರವಾಗುವುದು ಹೇಗೆ?

ಪ್ರಶ್ನೆ (ಜಮಖಂಡಿ ತಾಲ್ಲೂಕು): ನಾನು ಹಿರಿಯ ಪ್ರಾಥಮಿಕ ಶಾಲೆಯೊಂದರ ಪ್ರಭಾರಿ ಮುಖ್ಯ ಶಿಕ್ಷಕಿ. ಹೊಸ ಅತಿಥಿ ಶಿಕ್ಷಕರೂ ಇದ್ದಾರೆ, ಸೇವೆಯಲ್ಲಿ ನನಗಿಂತ ಹಿರಿಯರೂ ಇದ್ದಾರೆ. ತರಬೇತಿಗೆ ಹೋಗಿ ಬರುತ್ತಾರೆ, ಪಾಠ ಮಾತ್ರ ಹಳೆಯ ರೀತಿಯಲ್ಲೇ ನಡೆಯುತ್ತದೆ. ಯಾರ ಮನಸ್ಸೂ ನೋಯದಂತೆ ತಿದ್ದುವುದು ಹೇಗೆ?

ಗೋಕಾಕದಿಂದ: ಮೇಡಂ, ತರಗತಿಗೆ ಹೋಗುವಾಗ ಸಂದರ್ಶನ ಪುಸ್ತಕವನ್ನು (ಪಾಠ ನೋಡಿ ಟಿಪ್ಪಣಿ ಬರೆಯುವ ಪುಸ್ತಕ) ಕಚೇರಿಯಲ್ಲೇ ಬಿಟ್ಟು ಹೋಗಿ. ಅದು ಕೈಯಲ್ಲಿದ್ದರೆ ಶಿಕ್ಷಕರು ನಿಮಗಾಗಿ ಪಾಠ ಮಾಡುತ್ತಾರೆಯೇ ಹೊರತು ಮಕ್ಕಳಿಗಾಗಿ ಅಲ್ಲ. ಹಿಂದೆ ಕುಳಿತು ಮಕ್ಕಳ ನೋಟ್‌ಬುಕ್ ನೋಡಿ. ನಮ್ಮಲ್ಲಿ ಹಲವು ಮಕ್ಕಳು 52ರಲ್ಲಿ 27 ಕಳೆದು 35 ಎಂದು ಬರೆದಿದ್ದರು. 2ರಲ್ಲಿ 7 ಹೋಗುವುದಿಲ್ಲವೆಂದು 7ರಲ್ಲೇ 2 ಕಳೆದಿದ್ದರು! ಬಿಸಿಯೂಟದ ನಂತರ ಆ ನೋಟ್‌ಬುಕ್ಕನ್ನು ಶಿಕ್ಷಕರ ಮುಂದಿಟ್ಟು, "ಮಗು ಹೀಗೇಕೆ ಮಾಡಿರಬಹುದು?" ಎಂದಷ್ಟೇ ಕೇಳಿದೆ. ಕಾರಣವನ್ನು ಅವರೇ ಹೇಳಿದರು. ಮರುದಿನ ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ಬಿಡಿ ಮಾಡುವ ಪಾಠವನ್ನು ಸೇರಿಯೇ ನಡೆಸಿದೆವು. ಪಾಠ ಅವರದು, ಹಿಂದುಳಿದ ಮಕ್ಕಳ ಪಕ್ಕದಲ್ಲಿ ಕುಳಿತವನು ನಾನು. ಒಂದು ಭೇಟಿಗೆ ಒಂದೇ ಸಲಹೆ ಸಾಕು. ಕಪ್ಪು ಹಲಗೆ, ಶಿಸ್ತು, ಪಾಠಯೋಜನೆ ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಒಂದೂ ನಿಲ್ಲುವುದಿಲ್ಲ.

ಇಂಡಿಯಿಂದ: ಹಿರಿಯರ ವಿಷಯದಲ್ಲಿ ಮೊದಲು ನಿಮ್ಮ ತರಗತಿಗೆ ಅವರನ್ನು ಕರೆಯಿರಿ. ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ ಎಂದು ಗಮನಿಸಲು ಕೋರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಇದನ್ನೇ ಅಧ್ಯಯನ ಮಾಡಿ 1970ರ ದಶಕದಲ್ಲಿ ಪ್ರಕಟಿಸಿದರು. ಶಿಕ್ಷಕರು ಸಾಮಾನ್ಯವಾಗಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಅಥವಾ ಹೆಚ್ಚು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಕೊಡದೆ ಉಳಿಯುವುದು ಕಡಿಮೆಯಾಯಿತು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಪಾಠ ನೋಡಿದ ಮೇಲೆ, "ನಾಳೆ ನನ್ನ ತರಗತಿಗೂ ಬನ್ನಿ" ಎಂದು ತಾವೇ ಕರೆದರು. ಹಿರಿಯರಿಗೆ ಆ ಗೌರವ ಸಲ್ಲಲೇಬೇಕು.

ಖಾನಾಪುರದಿಂದ: ಮೇಲಿನ ಎರಡೂ ಸರಿ, ಆದರೆ ಸಮಯ ಎಲ್ಲಿದೆ? ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. ಶಾಲೆಯೊಳಗೆ ಮಾತನಾಡಲು ಅರ್ಧ ಗಂಟೆ ಸಿಗದಿದ್ದರೆ ಹೊರಗಿನ ತರಬೇತಿ ಕಡತದಲ್ಲೇ ಉಳಿಯುತ್ತದೆ. ನಾವು ವೇಳಾಪಟ್ಟಿ ಮಾಡುವಾಗಲೇ ಅತಿಥಿ ಶಿಕ್ಷಕರಿಗೂ ಅದೇ ವಿಷಯದ ಅನುಭವಿ ಶಿಕ್ಷಕರಿಗೂ ಒಂದೇ ಅವಧಿಯಲ್ಲಿ ಬಿಡುವು ಕೊಡುತ್ತೇವೆ. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಕನ್ನಡ ಓದಿಸುವುದು ಹೇಗೆಂಬ ಚರ್ಚೆ ನಡೆಯುವುದು ಅಲ್ಲೇ. ಆ ಅವಧಿಯಲ್ಲಿ ಅವರಿಗೆ ಬೇರೆ ಕೆಲಸ ಹಚ್ಚಬೇಡಿ, ಮೇಡಂ. ದಾಖಲೆ ತುಂಬುವ ಕೆಲಸವನ್ನಂತೂ ಕೊಡಲೇಬೇಡಿ.