ಬಾಸ್ ಹೊಡೆದ ತಕ್ಷಣ ಸ್ಪೀಕರ್ ಆಫ್: ರಿಪೇರಿನಾ, ಹೊಸದಾ? (ಬಜೆಟ್ ₹5,000)

ಮಂಡಕ್ಕಿ_ಮಿರ್ಚಿ (ದಾವಣಗೆರೆ):
ನಮಸ್ಕಾರ. ಮನೆಯಲ್ಲೊಂದು ಟ್ರಾಲಿ ಸ್ಪೀಕರ್ ಇದೆ. ಚಕ್ರ, ಹಿಡಿಕೆ, ಬಣ್ಣದ ಲೈಟು, ಮೈಕು ಎಲ್ಲ ಇರೋದು. ಡಬ್ಬದ ಮೇಲೆ ‘3000 ವ್ಯಾಟ್ ಪಿಎಂಪಿಒ’ ಅಂತ ದೊಡ್ಡದಾಗಿ ಬರೆದಿದೆ. ಹೋದ ವರ್ಷ ಗಣೇಶನ ಹಬ್ಬಕ್ಕೆ ತಂದಿದ್ದು. ಆಗ ಹಾಲ್‌ನಲ್ಲಿ ಚೆನ್ನಾಗಿಯೇ ಬಾರಿಸಿತ್ತು.

ಮೊನ್ನೆ ಭಾನುವಾರ ವಿದ್ಯಾನಗರದ ಅಕ್ಕನ ಮನೆ ಮಾಳಿಗೆ ಮೇಲೆ ಅವಳ ಮಗಳ ಹುಟ್ಟುಹಬ್ಬ. ವಾಲ್ಯೂಮ್ ಅರ್ಧ ದಾಟಿಸಿ ಬಾಸ್ ಏರಿಸಿದರೆ ಸಾಕು, ಡೋಲಿನ ಪೆಟ್ಟು ಬಿದ್ದ ಕಡೆ ಪಟ್ ಅಂತ ಆಫ್. ಎರಡು ಸೆಕೆಂಡ್ ಬಿಟ್ಟು ಒಳಗಿಂದ ಆ ಹೆಂಗಸಿನ ದನಿ ‘ಬ್ಲೂಟೂತ್ ಮೋಡ್’ ಅನ್ನುತ್ತೆ. ಕೇಕ್ ಕತ್ತರಿಸೋ ಹೊತ್ತಿಗೆ ಮಕ್ಕಳು ಹಾಡು ಬಿಟ್ಟು ಅವಳ ಜೊತೆಗೇ ಕೂಗೋಕೆ ಶುರು ಮಾಡಿದ್ದರು. ಅಡಾಪ್ಟರ್ ಚುಚ್ಚಿದರೂ ಅದೇ ಕಥೆ. ವಾರಂಟಿ ಮುಗಿದಿದೆ. ಇದನ್ನು ಗುಜರಿಗೆ ಹಾಕಿ ಹೊಸದು ತಗೊಳ್ಳಲಾ?

ದುರ್ಗದ_ಸೋಲ್ಡರ್ (ಚಿತ್ರದುರ್ಗ):
ಗುಜರಿಗೆ ಹಾಕಬೇಡಿ, ಸ್ವಲ್ಪ ತಡೆಯಿರಿ. ಬರೀ ಬ್ಲೂಟೂತ್ ಕಡಿದಿದ್ದರೆ ಹಾಡು ನಿಲ್ಲುತ್ತೆ, ಲೈಟು ಉರೀತಾನೇ ಇರುತ್ತೆ. ನಿಮ್ಮದು ಮೊದಲಿಂದ ಶುರುವಾಗಿ ‘ಮೋಡ್’ ಹೇಳ್ತಿದೆ ಅಂದ್ರೆ ಒಳಗೆ ಕರೆಂಟೇ ಹೋಗಿ ಬರ್ತಿದೆ. ಖಚಿತಕ್ಕೆ ಪೆನ್‌ಡ್ರೈವ್‌ನಿಂದ ಅದೇ ಹಾಡು ಹಾಕಿ ನೋಡಿ. ಆಮೇಲೆ ಹಿಂದಿನ ಸ್ಕ್ರೂ ಬಿಚ್ಚಿ ಬ್ಯಾಟರಿ ಮೇಲೆ ಏನು ಬರೆದಿದೆ ಹೇಳಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿ ಎರಡು ತುದಿಗೆ ಹಿಡಿದು, ಬಾಸ್ ಹೊಡೆಯುವಾಗ ಎಷ್ಟು ತೋರಿಸುತ್ತೆ ನೋಡಿ. ಹಬ್ಬ ಆದ ಮೇಲೆ ಸ್ಪೀಕರ್ ಎಲ್ಲಿಟ್ಟಿದ್ರಿ?

ಮಂಡಕ್ಕಿ_ಮಿರ್ಚಿ:
ಅಟ್ಟದ ಮೇಲೆ. ಹಬ್ಬದ ದಿನ ಪೂರ್ತಿ ಬಾರಿಸಿ ಹಾಗೇ ಎತ್ತಿಟ್ಟಿದ್ದೆವು. ಹುಟ್ಟುಹಬ್ಬದ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿದ್ದು 🙈

ಪೆನ್‌ಡ್ರೈವ್‌ನಲ್ಲೂ ಆಫ್ ಆಗ್ತಿದೆ. ಒಳಗಿರೋದು ಕರಿ ಡಬ್ಬಿ, 12 ವೋಲ್ಟ್ 4.5 ಎಎಚ್ (ಆಂಪಿಯರ್-ಅವರ್). ಸುಮ್ನಿದ್ದಾಗ 12.4 ತೋರಿಸುತ್ತೆ, ಬಾಸ್ ಬಿದ್ದಾಗ 9ಕ್ಕೆ ಇಳಿದು ಆಫ್.

ದುರ್ಗದ_ಸೋಲ್ಡರ್:
ಸಿಕ್ಕಿತಲ್ಲ ಕಳ್ಳ! ಅದು ಸೀಸದ ಬ್ಯಾಟರಿ, ಯುಪಿಎಸ್‌ನಲ್ಲಿ ಇರುತ್ತಲ್ಲ ಅದೇ ಜಾತಿ. ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ತಗಡಿಗೆ ಸಲ್ಫೇಟ್ ಹರಳು ಕಟ್ಟುತ್ತೆ. ವೋಲ್ಟ್ ಇದೆ ಅನ್ನಿಸಿದರೂ ಒಮ್ಮೆಲೇ ಕರೆಂಟ್ ಕೇಳಿದಾಗ ಕೊಡೋಕೆ ಆಗಲ್ಲ. ಬಾಸ್ ಕೇಳೋದೇ ಹಾಗೆ, ಒಂದೇ ಏಟಿಗೆ ಜಾಸ್ತಿ. ಇಂಥ ಅಗ್ಗದ ಸ್ಪೀಕರ್‌ಗಳಲ್ಲಿ ಅಡಾಪ್ಟರ್ ಚಾರ್ಜ್ ಮಾಡೋಕಷ್ಟೇ ಸಾಲುತ್ತೆ, ಜೋರಾಗಿ ಬಾರಿಸುವಾಗ ಹೊರೆ ಬ್ಯಾಟರಿ ಮೇಲೇ ಬೀಳುತ್ತೆ. ಅದಕ್ಕೇ ಚುಚ್ಚಿದರೂ ಪ್ರಯೋಜನ ಆಗಿಲ್ಲ.

ಯುಪಿಎಸ್ ಬ್ಯಾಟರಿ ಮಾರೋ ಅಂಗಡಿಯಲ್ಲಿ ಅದೇ ಅಳತೆಯ 12 ವೋಲ್ಟ್ ಬ್ಯಾಟರಿ ಸಿಗುತ್ತೆ. ಹಳೇದು ಕೊಟ್ಟರೆ ಒಂದಿಷ್ಟು ಬಿಡ್ತಾರೆ. ವೈರ್ ಕಳಚೋ ಮುಂಚೆ ಫೋಟೋ ತೆಗೆದಿಡಿ, ಕೆಂಪು ಕಪ್ಪು ಅದಲು ಬದಲಾದರೆ ಬೋರ್ಡೇ ಹೋಗುತ್ತೆ. ಲಿಥಿಯಂ ಹಾಕ್ತೀನಿ ಅಂತ ಮಾತ್ರ ಹೋಗಬೇಡಿ. ಒಳಗಿನ ಚಾರ್ಜರ್ ಸೀಸದ್ದಕ್ಕೆ ಮಾಡಿದ್ದು.

ಕುಂದವಾಡ_ಕೆರೆ_ವಾಕರ್ (ದಾವಣಗೆರೆ):
ರಿಪೇರಿಯೇ ಸರಿ. ಮುಂದೆ ಯಾವಾಗಲಾದರೂ ಹೊಸದು ತಗೊಂಡರೆ ‘ಪಿಎಂಪಿಒ’ ನೋಡಿ ಮರುಳಾಗಬೇಡಿ. ಅದು ಕ್ಷಣಮಾತ್ರದ ಲೆಕ್ಕ, ಅಳೆಯೋಕೆ ಒಂದು ಕಟ್ಟುನಿಟ್ಟಿನ ಪದ್ಧತಿಯೂ ಇಲ್ಲ. ನಿಮ್ಮ ಬ್ಯಾಟರಿಯನ್ನೇ ನೋಡಿ: 12 ಗುಣಿಸು 4.5, 54 ವ್ಯಾಟ್-ಅವರ್. ಅದರಲ್ಲಿ 3000 ವ್ಯಾಟ್ ನಿಜವಾಗಿ ಎಳೆದರೆ ಒಂದು ನಿಮಿಷದ ಮೇಲೆ ಐದು ಸೆಕೆಂಡ್. ಒಂದು ಹಾಡಿನ ಪಲ್ಲವಿಯೂ ಮುಗಿಯಲ್ಲ! ‘ಆರ್‌ಎಂಎಸ್’ ಅಂದ್ರೆ ಸತತವಾಗಿ ಕೊಡೋ ಶಕ್ತಿ ಎಷ್ಟು ಅಂತ ಕೇಳಿ. 20ರಿಂದ 40 ವ್ಯಾಟ್‌ಗೆ ಹೋದರೂ ಸಿಗೋದು 3 ಡೆಸಿಬಲ್ ಅಷ್ಟೇ. ಕಿವಿಗೆ ‘ಸ್ವಲ್ಪ ಜೋರು’ ಅನ್ನಿಸುತ್ತೆ, ಎರಡರಷ್ಟು ಅಲ್ಲ. ‘10 ಗಂಟೆ ಬರುತ್ತೆ’ ಅಂತ ಬರೆದಿದ್ದರೆ ಎಷ್ಟು ವಾಲ್ಯೂಮ್‌ನಲ್ಲಿ ಅಂತ ಸಣ್ಣ ಅಕ್ಷರದಲ್ಲಿ ಹುಡುಕಿ. ಮೈಕ್ ಹಿಡಿದು ಹಾಡೋ ಮನೆಯಾದರೆ ಮೈಕ್ ಜಾಕ್ ಇರಲಿ, ಬ್ಲೂಟೂತ್ ಮೈಕ್‌ನಲ್ಲಿ ನಿಮ್ಮ ದನಿ ನಿಮಗೇ ತಡವಾಗಿ ಕೇಳುತ್ತೆ. ನೀರು ತಡೆಯೋ ರೇಟಿಂಗ್ ಐಪಿಎಕ್ಸ್ ಗಿಪಿಎಕ್ಸ್ ಅಂತೆಲ್ಲ ಟ್ರಾಲಿ ಸ್ಪೀಕರ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಮಳೆ ಬಂದರೆ ಒಳಗೆ ಎಳ್ಕೊಂಡು ಹೋದ್ರಾಯ್ತು.

ಇನ್ನೊಂದು, ಮಾಳಿಗೆ ಮೇಲೆ ನಡುವೆ ಇಟ್ಟಿದ್ರಾ? ಬಯಲಲ್ಲಿ ಬಾಸ್ ಚದುರಿ ಹೋಗುತ್ತೆ, ಅದಕ್ಕೇ ನೀವು ಏರಿಸಿದ್ದು. ಮೆಟ್ಟಿಲು ಕೋಣೆ ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿಡಿ.

ಮಂಡಕ್ಕಿ_ಮಿರ್ಚಿ:
ಸರಿಯಾಯ್ತು! ಬ್ಯಾಟರಿಗೆ ಹಳೇದು ಕೊಟ್ಟು ₹650 ಆಯ್ತು. ಹಳೇದು ಹೊರಗೆ ತೆಗೆಯುವಾಗ ಗಮನಿಸಿದೆ, ಹೊಟ್ಟೆ ಉಬ್ಬಿತ್ತು. ಈಗ ಬಾಸ್ ಬಿದ್ದಾಗ ಮೀಟರ್ 12ರ ಕೆಳಗೆ ಇಳೀತಿಲ್ಲ. ನಿನ್ನೆ ಮೂಲೆಯಲ್ಲಿಟ್ಟು ಬಾರಿಸಿದೆ, ಬಾಸ್ ಗುಂಡಿ ಅರ್ಧಕ್ಕೇ ಸಾಕಾಯ್ತು. ರಾತ್ರಿ ಹತ್ತಾಗುತ್ತಲೇ ನಿಲ್ಲಿಸಿದೆವು. ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ ಪಕ್ಕದ ಮನೆ ಮಾವ ನೆನಪಿಸಿದರು. ನೆನಪಿಸುವಾಗ ಕೈಯಲ್ಲಿ ನಮ್ಮದೇ ಮಿರ್ಚಿ ಇತ್ತು, ಅದು ಬೇರೆ ವಿಷಯ.

ಇನ್ನೊಂದೇ ಪ್ರಶ್ನೆ: ಬಳಸದಿದ್ದಾಗ ಎಷ್ಟು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು?

ದುರ್ಗದ_ಸೋಲ್ಡರ್:
ತಿಂಗಳಿಗೊಮ್ಮೆ ಸಾಕು. ಬಾರಿಸಿದ ದಿನ ಮಾತ್ರ ಅವತ್ತೇ ಹಾಕಿಬಿಡಿ.

ಮಂಡಕ್ಕಿ_ಮಿರ್ಚಿ:
ಅಮ್ಮನಿಗೆ ಹೇಳಿದೆ. ಅಮಾವಾಸ್ಯೆಗೊಮ್ಮೆ ಹಾಕ್ತಾರಂತೆ.