ಅಪ್‌ಡೇಟ್: ದೇವರಕಾಡು ಪ್ರಬಂಧಕ್ಕೆ ಆಕರಗಳು ಸಿಕ್ಕವು

ಬರವಣಿಗೆ ಕೋರ್ಸಿನಲ್ಲಿ ಕೊಡಗಿನ ದೇವರಕಾಡುಗಳ (ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಕಾಡುಗಳ) ಕುರಿತು ಪ್ರಬಂಧ ಬರೆಯಲು ನಂಬಲರ್ಹ ಆಕರಗಳನ್ನು ಎಲ್ಲಿ ಹುಡುಕಬೇಕೆಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ನಿಮ್ಮ ಸಲಹೆಯಂತೆ ಮಡಿಕೇರಿಯಲ್ಲಿ ನಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕಂಡಾಗ, ಅವರು ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಒದಗಿಸುವ ಎನ್‌-ಲಿಸ್ಟ್‌ನಲ್ಲಿ ಖಾತೆ ಮಾಡಿಕೊಟ್ಟು, ನಾನು ಹುಡುಕುತ್ತಿದ್ದ ಪದವನ್ನು ನೋಡಿ ನಕ್ಕರು. ‘ಕೊಡಗು’ ಎಂದಷ್ಟೇ ಟೈಪಿಸುತ್ತಿದ್ದ ನನಗೆ, 1956ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಈ ನಾಡು ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ಕೂರ್ಗ್’ ಆಗಿಯೇ ಇದೆಯೆಂಬುದು ಹೊಳೆದಿರಲಿಲ್ಲ (ಇಲ್ಲೇ ಹುಟ್ಟಿ ಬೆಳೆದವಳಿಗೆ!). ಪದ ಬದಲಿಸಿದೊಡನೆ ಕೂರ್ಗ್ ಕುರಿತ ರೆವರೆಂಡ್ ರಿಕ್ಟರ್ ಅವರ 1870ರ ಕೈಪಿಡಿಯ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಕ್ಕಿತು. ಪಿಎಚ್‌ಡಿ ಪ್ರಬಂಧಗಳನ್ನು, ಭಾರತದ ವಿಶ್ವವಿದ್ಯಾಲಯಗಳ ಇಂಥ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಓದುತ್ತಿದ್ದೇನೆ. ಪಿಡಿಎಫ್ ತೋರಿಸುವ ಪುಟಸಂಖ್ಯೆಯನ್ನೇ ಅಡಿಟಿಪ್ಪಣಿಯಲ್ಲಿ ಬರೆದಿದ್ದರಿಂದ ಮೊದಲ ಕರಡು ಕೆಂಪು ಗುರುತುಗಳೊಂದಿಗೆ ಹಿಂದಿರುಗಿತು. ಈಗ ಪುಟದ ಮೇಲೆ ಮುದ್ರಿತವಾಗಿರುವ ಸಂಖ್ಯೆಯನ್ನೇ ನೋಡಿ ಒಂದೊಂದಾಗಿ ತಿದ್ದುತ್ತಿದ್ದೇನೆ.